ಬದುವಿನ ಕತ್ತಾಳೆ, ಪಾತಿಯ ಈರುಳ್ಳಿ

ಬೇಡ, ವನಜಾ. ಆ ಮಂಕರಿಯನ್ನು ಜಗಲಿಯ ಮೇಲಿಡಬೇಡ. ಕೊಳೆತದ್ದು ಅಂಗಳದಲ್ಲೇ ಇರಲಿ. ಇನ್ನೂ ಆಚೆ... ಆಚೆ ಎಂದೆ! ಹಾಂ, ಅಲ್ಲಿ. ಅದರ ನಾತ ಮನೆಯೊಳಗೆ ಬರಬಾರದು. ಕೈ ತೊಳೆದು ಬಾ. ...ತೊಳೆಯುವುದಿಲ್ಲವೇ? ಸರಿ, ಹಾಗೇ ಕುಳಿತುಕೋ. ಬೆನ್ನು ನೆಟ್ಟಗಿರಲಿ. ಮೂವತ್ತನಾಲ್ಕು ವರ್ಷದ ಹೆಂಗಸು, ಇನ್ನೂ ಮೂರನೇ ತರಗತಿಯ ಹುಡುಗಿಯ ಹಾಗೆ ಬೆನ್ನು ಬಗ್ಗಿಸುತ್ತೀಯೆ.

ಮಲ್ಲಿಕಾರ್ಜುನಯ್ಯನವರು ಹತ್ತು ಗಂಟೆಗೆ ಬರುತ್ತಾರೆ. ಈಗ ಒಂಬತ್ತು ಇಪ್ಪತ್ತು. ಅಂದು ಮಾತು ನಡೆದದ್ದು ಅವರ ಎದುರಿಗೆ. ಇಂದು ಮುಗಿಯಬೇಕಾದದ್ದೂ ಅವರ ಎದುರಿಗೇ. ಅಷ್ಟರೊಳಗೆ ಅಪ್ಪ ಮಗಳು ಇಬ್ಬರೂ ಒಂದು ಮಾತಿಗೆ ಬಂದಿರಬೇಕು. ಹೊರಗಿನವರ ಮುಂದೆ ಎರಡು ಬಗೆಯಾಗಿ ಮಾತನಾಡುವ ಮನೆ ಇದಲ್ಲ.

ಎಲ್ಲಿ ನಿಲ್ಲಿಸಿದ್ದೆ? ನೀರು. ಹೌದು, ನೀರಿನ ವಿಷಯ.

ಪ್ರಶ್ನೆ ಸರಳವಾದದ್ದು. ಕತ್ತಾಳೆ ಮತ್ತು ಸಿಹಿ ಈರುಳ್ಳಿ, ಇವೆರಡರಲ್ಲಿ ತೋಟಕ್ಕೆ ಯೋಗ್ಯವಾದ ಗಿಡ ಯಾವುದು? ಮೂರು ಅಂಶಗಳಲ್ಲಿ ಹೋಲಿಸಬೇಕು. ನಾನು ಮೂವತ್ತಾರು ವರ್ಷ ಮಕ್ಕಳಿಗೆ ಹೀಗೆಯೇ ಕಲಿಸಿದೆ. ಮಗಳಿಗೆ ಬೇರೆ ವಿಧಾನವಿಲ್ಲ. ಮೊದಲನೆಯದು ನೀರು. ಬದುವಿನ ಮೇಲಿನ ಕತ್ತಾಳೆಯನ್ನು ನೆಟ್ಟದ್ದು ನಿನ್ನ ತಾತ. ನೆಟ್ಟ ದಿನ ಒಂದು ಚೊಂಬು ನೀರು ಹಾಕಿದರಂತೆ. ಅಷ್ಟೇ. ಆಮೇಲೆ ಅದಕ್ಕೆ ಯಾರೂ ಒಂದು ಹನಿ ಹಾಕಿಲ್ಲ, ಅದು ಯಾರನ್ನೂ ಕೇಳಿಲ್ಲ. ಬಾವಿ ಬತ್ತಿತು, ಬೋರು ಬತ್ತಿತು, ಅರ್ಧ ತೆಂಗು ಸುಳಿ ಒಣಗಿ ನಿಂತಿತು. ಕತ್ತಾಳೆಯ ಒಂದು ಪಟ್ಟೆಯೂ ಬಾಡಲಿಲ್ಲ.

ಇನ್ನು ನಿನ್ನ ಈರುಳ್ಳಿ! ನಿನ್ನ ಗೆಳತಿ ನಯನ ತಿಪಟೂರಿನ ನರ್ಸರಿಯಿಂದ ಬೀಜ ತಂದುಕೊಟ್ಟಳಲ್ಲ, ಏನೋ ದೊಡ್ಡ ಪದಾರ್ಥ ಎನ್ನುವಂತೆ, ಎರಡು ಕೈಯಲ್ಲೂ ಹಿಡಿದುಕೊಂಡು. ಒಟ್ಲು ಹಾಕಿದೆ, ಸಸಿ ಕಿತ್ತು ನೆಟ್ಟೆ, ದಿನ ಬಿಟ್ಟು ದಿನ ನೀರು. ಹೆಚ್ಚಾದರೆ ಕೊಳೆಯುತ್ತದೆ, ಕಡಿಮೆಯಾದರೆ ಸೀಳುತ್ತದೆ. ಒಂದು ಕಳೆ ಎದ್ದರೆ ಇದು ಕೂರುತ್ತದೆ. ಸಾಲು ಸಾಲಿಗೂ ಮಂಡಿಯೂರಿ ಕುಳಿತು ಅದರ ಕತ್ತು ನೇವರಿಸುತ್ತಿದ್ದೆ. ನಾನು ನೋಡಿದ್ದೇನೆ. ಮಾತನಾಡುತ್ತಿದ್ದೆ ಕೂಡ! ಒಂದು ಗಡ್ಡೆಯ ಜೊತೆ ಮಾತು!

ಏನು? ತುಟಿ ಅಲ್ಲಾಡಿತಲ್ಲ. ಏನೋ ಹೇಳಬೇಕೆಂದಿದ್ದೆ. ...ಇಲ್ಲವೇ? ಒಳ್ಳೆಯದು. ಸೋಮವಾರದಿಂದ ನೀನು ನನ್ನೊಡನೆ ಒಂದು ಮಾತೂ ಆಡಿಲ್ಲ. ಐದು ದಿನ. 'ಅಪ್ಪಾಜಿ' ಎಂದು ಊಟಕ್ಕೂ ಕರೆದಿಲ್ಲ. ತಟ್ಟೆಯನ್ನು ಸದ್ದಾಗುವಂತೆ ಇಡುತ್ತೀಯೆ, ಅದೇ ಕರೆ. ಮೌನದಿಂದ ನನ್ನನ್ನು ಹೆದರಿಸಬಹುದೆಂದು ತಿಳಿದಿದ್ದರೆ ತಪ್ಪು. ಅರವತ್ತು ಮಕ್ಕಳ ತರಗತಿಯ ಮೌನವನ್ನು ನಾನು ಒಂದು ನೋಟದಿಂದ ತಯಾರು ಮಾಡುತ್ತಿದ್ದೆ.

ಎರಡನೆಯ ಅಂಶ, ಬಾಳಿಕೆ. ಇದನ್ನು ಗಮನವಿಟ್ಟು ಕೇಳು. ಸಾಮಾನ್ಯ ಈರುಳ್ಳಿಯಲ್ಲಿ ಖಾರವಿದೆ. ಹೆಚ್ಚುವವರ ಕಣ್ಣಲ್ಲಿ ನೀರು ತರಿಸುತ್ತದೆ. ಆ ಖಾರವೇ ಅದರ ಕಾವಲು. ಅಟ್ಟದಲ್ಲಿ ಹರಡಿದರೆ ಆರು ತಿಂಗಳು ನಿಲ್ಲುತ್ತದೆ. ನಿನ್ನದರ ಸಿಹಿ ಎಲ್ಲಿಂದ ಬಂತು? ಅದರಲ್ಲಿ ಸಕ್ಕರೆ ಹೆಚ್ಚಿರುವುದರಿಂದಲ್ಲ, ಖಾರ ಇಲ್ಲದಿರುವುದರಿಂದ. ಮುಟ್ಟಿದವರಿಗೆಲ್ಲ ಮೃದು, ಕಚ್ಚಿದವರಿಗೆಲ್ಲ ಸಿಹಿ. ಅಟ್ಟದ ಮೇಲಿಟ್ಟರೆ ಒಂದು ತಿಂಗಳೂ ತಡೆಯುವುದಿಲ್ಲ.

ಅಟ್ಟ ಎಂದ ಕೂಡಲೇ ಮುಖ ತಿರುಗಿಸಿದೆ. ಗೊತ್ತಿತ್ತು. ಈ ಕಡೆ ನೋಡು. ನೋಡು ಎಂದೆ.

ನಿನ್ನ ಗಂಡ ಶಿವಮೂರ್ತಿ ನಿನ್ನನ್ನು ಕೊಬ್ಬರಿ ಅಟ್ಟಕ್ಕೆ ಹತ್ತಿಸಿ ಏಣಿ ತೆಗೆದ. ತೆಗೆದ, ನಾನು ಇಲ್ಲವೆನ್ನುವುದಿಲ್ಲ. ಮಾಡಿದ್ದು ತಪ್ಪು, ಅವನಿಗೆ ಹೇಳಿದ್ದೇನೆ. ಎರಡು ಹಗಲು, ಒಂದು ರಾತ್ರಿ. ನೀರಿಲ್ಲ, ಅನ್ನವಿಲ್ಲ, ಕತ್ತಲು, ಇಲಿ. ಸರಿ. ಈ ಸೀಮೆಯಲ್ಲಿ ಪ್ರತಿ ಮನೆಯ ಅಟ್ಟದ ಮೇಲೂ ತೆಂಗಿನಕಾಯಿ ಹನ್ನೊಂದು ತಿಂಗಳು ಕತ್ತಲಲ್ಲಿ ಕುಳಿತಿರುತ್ತದೆ. ಒಂದಾದರೂ ಕೂಗಿದೆಯೇ? ಒಳಗಿನ ನೀರು ಇಂಗುತ್ತದೆ, ತಿರುಳು ಕರಟವನ್ನು ಬಿಡುತ್ತದೆ, ಉಂಡೆ ಕೊಬ್ಬರಿಯಾಗುತ್ತದೆ. ಅದಕ್ಕೇ ಅದಕ್ಕೊಂದು ಬೆಲೆ. ನೀನು ಎರಡನೇ ದಿನಕ್ಕೆ ಹೆಂಚು ಸರಿಸಿ ಬೀದಿಗೆ ಕೇಳುವಂತೆ ಕೂಗಿದೆ. ಚಿಕ್ಕನಾಯಕನಹಳ್ಳಿಯ ಅರ್ಧ ಬೀದಿ ಬಂದು ನಿಂತು ನೋಡಿತು, ಹೆಡ್‌ಮೇಷ್ಟ್ರ ಮಗಳು ಹೆಂಚಿನ ಸಂದಿಯಿಂದ ತಲೆ ಹೊರಗೆ ಹಾಕಿಕೊಂಡು...

ನಗುತ್ತಿದ್ದೀಯಾ? ಇದರಲ್ಲಿ ನಗುವುದೇನಿದೆ? ...ಅದು ನಗುವಲ್ಲವೇ? ಹಾಗಾದರೆ ಆ ತುಟಿಯನ್ನು ಸರಿ ಮಾಡಿಕೋ.

ನಾನು ನಿನ್ನನ್ನು ಹೊರಗೆ ಹಾಕಲಿಲ್ಲ. ಅದನ್ನು ನೆನಪಿಡು. ಬೇರೆ ಅಪ್ಪನಾಗಿದ್ದರೆ ಮುಂದಿನ ಬಸ್ಸಿಗೇ ಹತ್ತಿಸುತ್ತಿದ್ದ. ನಾನು ಅವಕಾಶ ಕೊಟ್ಟೆ. ನವೆಂಬರಿನಲ್ಲಿ, ಇದೇ ಜಗಲಿ, ನಾನು ಈ ಕುರ್ಚಿಯಲ್ಲಿ, ಮಲ್ಲಿಕಾರ್ಜುನಯ್ಯನವರು ಆ ಬೆಂಚಿನಲ್ಲಿ. ಏನೆಂದೆ? ಬದುವಿನ ಕೆಳಗಿನ ಐದು ಗುಂಟೆ ನಿನ್ನ ಕೈಗೆ. ಏನು ಬೇಕಾದರೂ ಬೆಳೆ. ಯುಗಾದಿಯೊಳಗೆ ಒಂದು ಬೆಳೆ ನೆಟ್ಟಗೆ ತೆಗೆದರೆ ಆ ಐದು ಗುಂಟೆ, ಪಂಪ್‌ಹೌಸಿನ ಪಕ್ಕದ ಕೋಣೆ, ಎರಡೂ ನಿನ್ನ ಹೆಸರಿಗೆ. ಬದುಕಿರುವವರೆಗೆ ಇಲ್ಲೇ ಇರು, ಯಾರೂ ಏಳು ಎನ್ನುವುದಿಲ್ಲ. ತೆಗೆಯದಿದ್ದರೆ ಮಾತಿಲ್ಲದೆ ಶಿವಮೂರ್ತಿಯ ಮನೆಗೆ ಹಿಂದಿರುಗಬೇಕು. ನೀನು ಒಪ್ಪಿದೆ. ಬಲವಂತ ಮಾಡಿದೆನೇ? ಯೋಚಿಸಲು ಒಂದು ದಿನ ಕೊಡುತ್ತೇನೆ ಎಂದೆ. ಬೇಡ, ಈಗಲೇ ಒಪ್ಪಿದೆ ಎಂದವಳು ನೀನು.

ಇಂದು ಶುಕ್ರವಾರ. ಬುಧವಾರ ಯುಗಾದಿ. ಬೆಳೆ ಎಲ್ಲಿ? ಅದೋ, ಆ ಮಂಕರಿಯಲ್ಲಿ. ನೊಣ ಮುತ್ತಿದೆ.

ನಾಳೆ ಬೆಳಿಗ್ಗೆ ಏಳೂಕಾಲಕ್ಕೆ ನೊಣವಿನಕೆರೆಯಿಂದ ಬಸ್ಸು. ತಿಪಟೂರಿನಲ್ಲಿ ಇಳಿದು ಬೇರೆ ಬಸ್ಸು ಹಿಡಿಯಬೇಕು. ನಿನ್ನ ಬಟ್ಟೆಯನ್ನು ನಾನೇ ಮಡಿಸಿ ಇಟ್ಟಿದ್ದೇನೆ. ನೀನು ಮಡಿಸಿದರೆ ಮೂಲೆಗೆ ಮೂಲೆ ಕೂಡುವುದಿಲ್ಲ. ಶಿವಮೂರ್ತಿ ಚಿಕ್ಕನಾಯಕನಹಳ್ಳಿ ಬಸ್‌ ಸ್ಟ್ಯಾಂಡಿನಲ್ಲಿ ಕಾಯುತ್ತಾನೆ. ಫೋನಿನಲ್ಲಿ ಮಾತಾಗಿದೆ. ಭಾನುವಾರವೇ ಹೇಳಿದೆ, ಶನಿವಾರ ಬರುತ್ತಾಳೆ, ಕೆಲಸ ಬಿಟ್ಟು ಬಂದು ನಿಲ್ಲು ಎಂದು.

ಏಕೆ ಹಾಗೆ ನೋಡುತ್ತೀಯೆ? ...ಭಾನುವಾರ. ಹೌದು. ಅದರಲ್ಲೇನಿದೆ?

...ಇರಬಹುದು. ಪಾತಿ ಹಾಳಾದದ್ದು ಸೋಮವಾರ ಇರಬಹುದು. ನಾನು ಭಾನುವಾರವೆಂದೆನೇ? ಸೋಮವಾರ ಎನ್ನುವ ಬದಲು ಬಾಯಿತಪ್ಪಿ ಬಂದಿದೆ. ಎಪ್ಪತ್ತಮೂರು ವರ್ಷದವನಿಗೆ ಒಂದು ದಿನ ಹಿಂದುಮುಂದಾಗುವುದು ಸಹಜ. ಅಷ್ಟಕ್ಕೇ ಕಣ್ಣು ಬಿಡಬೇಡ. ಮಾತು ಎಲ್ಲಿಗೋ ಹೋಯಿತು. ಬಾಳಿಕೆಯಲ್ಲಿದ್ದೆವು.

ಕತ್ತಾಳೆ. ಅರವತ್ತು ವರ್ಷ ಆ ಬದುವಿನಿಂದ ಒಂದು ದನ ಒಳಗೆ ಬಂದಿಲ್ಲ. ಪ್ರತಿ ಪಟ್ಟೆಯ ತುದಿಯಲ್ಲೂ ಮುಳ್ಳು. ನಿನಗೆ ಅದರ ಪರಿಚಯವಿದೆ. ಒಂಬತ್ತು ವರ್ಷದವಳಿದ್ದೆ. ಚೆಂಡು ತರಲು ಹೋಗಿ ಮುಳ್ಳು ಚುಚ್ಚಿಸಿಕೊಂಡು ಅಳುತ್ತ ಬಂದೆ. ನಾನು ಏನು ಮಾಡಿದೆ? ಕುಡುಗೋಲು ಕೈಗೆ ಕೊಟ್ಟು ವಾಪಸು ಕಳಿಸಿದೆ. ಇಪ್ಪತ್ತು ಮುಳ್ಳು ಕೊಯ್ದು ತರಬೇಕು, ಒಂದೊಂದಕ್ಕೂ ಹದಿನೇಳರ ಮಗ್ಗಿಯ ಒಂದು ಸಾಲು ಹೇಳಬೇಕು. ತಂದೆ. ಹೇಳಿದೆ. ಕೊಯ್ದ ಕಡೆಯ ರಸ ತಾಗಿ ಮೊಣಕೈವರೆಗೆ ಗುಳ್ಳೆ ಎದ್ದಿತ್ತು, ಕೆಂಡದಂತೆ. ನಿನ್ನ ಅಮ್ಮ, ಪಾಪ, ಅರಿಶಿನ ಕಲಸಿದ ಕೊಬ್ಬರಿ ಎಣ್ಣೆಯ ಬಟ್ಟಲು ಹಿಡಿದು ಅಡುಗೆಮನೆಯಿಂದ ಓಡಿಬಂದಳು. ನಾನು ಬಾಗಿಲಲ್ಲಿ ನಿಂತೆ. ಬೇಡ, ಗೌರಮ್ಮ, ತಾನಾಗಿ ಇಳಿಯುತ್ತದೆ, ಇಳಿಯಲಿ ಎಂದೆ. ಬಟ್ಟಲನ್ನು ಹಿಂದಕ್ಕೆ ಒಯ್ದಳು. ಎಂಟು ದಿನ ಹಿಡಿಯಿತು. ನೀನು ಅಳಲಿಲ್ಲ. ನಿನ್ನ ಬಗ್ಗೆ ನಾನು ಹೆಮ್ಮೆಪಟ್ಟದ್ದು ಆ ಎಂಟು ದಿನ. ಆಮೇಲೆ ಅಂಥ ಸಂದರ್ಭವನ್ನು ನೀನು ಕೊಡಲಿಲ್ಲ.

ಏನೂ ಇಲ್ಲ. ತೋಳು ಕೆರೆದುಕೊಂಡೆ, ಅಷ್ಟೇ. ಮಾರ್ಚ್ ತಿಂಗಳು, ಸೆಕೆ, ಬೆವರು. ತುಂಬುತೋಳಿನ ಅಂಗಿ ಏಕೆಂದರೆ ಮಲ್ಲಿಕಾರ್ಜುನಯ್ಯನವರು ಬರುತ್ತಾರೆ. ಹಿರಿಯರ ಮುಂದೆ ಮರ್ಯಾದೆಯಾಗಿ ಕುಳಿತುಕೊಳ್ಳಬೇಕು. ...ನಿನ್ನೆಯೂ ಏಕೆ ಎನ್ನುತ್ತಿದೆಯೇ ಆ ನೋಟ? ನಿನ್ನೆ ಸೊಳ್ಳೆ ಇತ್ತು.

ಈರುಳ್ಳಿಗೆ ಬಾ. ಅದು ಏಕೆ ಹಾಳಾಯಿತು? ಮಲ್ಲಿಕಾರ್ಜುನಯ್ಯನವರು ಕೇಳಿಯೇ ಕೇಳುತ್ತಾರೆ. ಉತ್ತರ ಒಂದೇ ಇರಬೇಕು, ಆದ್ದರಿಂದ ಸರಿಯಾಗಿ ಕೇಳಿಸಿಕೋ. ಬದುವಿನ ಮೂಲೆಯಲ್ಲಿ, ನಿನ್ನ ಪಾತಿಗಿಂತ ಎರಡು ಅಡಿ ಎತ್ತರದಲ್ಲಿ, ಹುಚ್ಚರಂಗಯ್ಯನ ಗುಂಡಿ ಇದೆ. ಕತ್ತಾಳೆ ಪಟ್ಟೆಯನ್ನು ಕೊಯ್ದು ಆ ಗುಂಡಿಯಲ್ಲಿ ನೆನೆಹಾಕಿ, ಕೊಳೆಸಿ, ಬಡಿದು, ನಾರು ತೆಗೆದು ದನಕ್ಕೆ ಕಣ್ಣಿ ಹೊಸೆಯುತ್ತಾನೆ. ಮೊದಲು ಕೆರೆಯಲ್ಲೇ ನೆನೆಹಾಕುತ್ತಿದ್ದರು. ಆ ನೀರಿಗೆ ಮೀನು ಮಗುಚಿಕೊಂಡವೆಂದು ಪಂಚಾಯಿತಿಯವರು ನಿಲ್ಲಿಸಿದರು. ನಾನೇ ಜಾಗ ಕೊಟ್ಟೆ. ಮೀನನ್ನು ಕೊಲ್ಲುವ ನೀರು ಈರುಳ್ಳಿಯನ್ನು ಬಿಡುತ್ತದೆಯೇ? ಹೆಗ್ಗಣ ಗುಂಡಿಯ ಕಟ್ಟೆಗೆ ತೂತು ಕೊರೆಯಿತು. ಸೋಮವಾರ ಬೆಳಗಾಗುವಷ್ಟರಲ್ಲಿ ಗುಂಡಿಯ ನೀರೆಲ್ಲ ಪಾತಿಗೆ ಇಳಿದಿತ್ತು. ಗಡ್ಡೆ ಬಲಿತು, ಕತ್ತು ಬಿದ್ದು, ಹತ್ತು ದಿನದಿಂದ ನೀನು ನೀರು ನಿಲ್ಲಿಸಿದ್ದೆ. ಇನ್ನೊಂದು ವಾರ ಇದ್ದಿದ್ದರೆ ಕೀಳುತ್ತಿದ್ದೆ. ಹೆಗ್ಗಣ ಕಾಯಲಿಲ್ಲ. ದುರದೃಷ್ಟ. ಆದರೆ ದುರದೃಷ್ಟಕ್ಕೆ ಷರತ್ತಿನಲ್ಲಿ ವಿನಾಯಿತಿ ಇರಲಿಲ್ಲ.

ತಪ್ಪು ಯಾರದು? ಹುಚ್ಚರಂಗಯ್ಯನದು. ಕಟ್ಟೆಯನ್ನು ನೋಡಿಕೊಳ್ಳಬೇಕಾದವನು ಅವನು. ಆ ಮನುಷ್ಯ ಕಟ್ಟೆ ಕಟ್ಟಿದರೆ ಎಮ್ಮೆ ಮಲಗಿ ಎದ್ದು ಹೋದಂತೆ ಇರುತ್ತದೆ! ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಹಳ್ಳ. ಎಷ್ಟು ಸಾರಿ ತೋರಿಸಿದ್ದೇನೆ: ಮಣ್ಣಿನ ಹೆಂಟೆಯನ್ನು ಚೌಕವಾಗಿ ಕಡಿಯಬೇಕು, ಅಂಚಿಗೆ ಅಂಚು ಕೂಡಿಸಬೇಕು, ಗುದ್ದಲಿಯ ಬೆನ್ನಿನಿಂದ ತಟ್ಟಿ ಸಮ ಮಾಡಬೇಕು. ತಲೆಗೆ ಹೋಗುವುದಿಲ್ಲ. ಮಂಗಳವಾರ ಇದೇ ಅಂಗಳದಲ್ಲಿ ನಿಂತು ಕೈ ಮುಗಿದ. 'ನಾನು ನೋಡ್ಕೊಬೇಕಿತ್ತು ಸ್ವಾಮಿ, ಅಮ್ಮಯ್ಯನ ಬೆಳೆ ಕಳ್ದೆ' ಎಂದು ಅತ್ತ. ಅಳಲಿ. ಇನ್ನು ಮುಂದೆ ನನ್ನ ಬದುವಿಗೆ ಕಾಲಿಡಬೇಡ ಎಂದೆ. ಕಣ್ಣಿ ಹೊಸೆಯದಿದ್ದರೆ ಏನು ಮಾಡುತ್ತಾನೋ ಗೊತ್ತಿಲ್ಲ. ಅಜಾಗರೂಕತೆಗೆ ಶಿಕ್ಷೆ ಇರಲೇಬೇಕು.

ಏನದು? ಮೊಬೈಲು ಏಕೆ ತೆಗೆದೆ? ಯಾರಿಗೂ ಫೋನು ಮಾಡಬೇಡ, ನಾನು ಮಾತನಾಡುತ್ತಿದ್ದೇನೆ. ...ನೋಡಬೇಕೇ? ನನ್ನ ಕನ್ನಡಕ... ಇಲ್ಲಿದೆ. ತಾ.

ಫೋಟೋ. ಗುಂಡಿಯ ಕಟ್ಟೆ. ಸೋಮವಾರ ತೆಗೆದದ್ದು. ಆರು ನಲವತ್ತು, ಬೆಳಿಗ್ಗೆ. ಸರಿ, ಏನಿದೆ ಇದರಲ್ಲಿ? ತೂತು ಇದ್ದ ಜಾಗ. ಮುಚ್ಚಿದೆ. ತೂತು ಬಿದ್ದರೆ ಮುಚ್ಚಬೇಕಲ್ಲವೇ? ನಾನೇ ಮುಚ್ಚಿದೆ. ನೀನು ಬಂದು ಕರೆದೆ, ನಾನು ತೋಟಕ್ಕೆ ಬಂದೆ, ಮುಚ್ಚಿದೆ.

...ಹೌದು, ನೀನು ಕರೆದದ್ದು ಏಳು ಗಂಟೆಗೆ.

ಆರು ನಲವತ್ತಕ್ಕೆ... ಹಾಂ. ಹಾಗಾದರೆ ಹುಚ್ಚರಂಗಯ್ಯ ಮುಚ್ಚಿದ್ದಾನೆ. ಅವನೇ. ಬೆಳಿಗ್ಗೆ ಬಂದಿದ್ದಾನೆ, ತೂತು ನೋಡಿದ್ದಾನೆ, ಹೆದರಿ ಮುಚ್ಚಿ ಹೋಗಿದ್ದಾನೆ. ಇಂಥವರ ಬುದ್ಧಿಯೇ ಅಷ್ಟು. ಮಲ್ಲಿಕಾರ್ಜುನಯ್ಯನವರಿಗೂ ಅದನ್ನೇ...

ದೊಡ್ಡದು ಮಾಡಬೇಡ. ಬೆರಳಿಟ್ಟು ಫೋಟೋವನ್ನು ಹಿಗ್ಗಿಸಬೇಡ, ನನಗೆ ಕಾಣುತ್ತದೆ. ಕಾಣುತ್ತದೆ, ವನಜಾ. ಚೌಕವಾಗಿ ಕಡಿದ ಹೆಂಟೆ. ಅಂಚಿಗೆ ಅಂಚು. ಮೇಲೆ ಗುದ್ದಲಿಯ ಬೆನ್ನಿನ ಗುರುತು, ಒಂದರ ಪಕ್ಕ ಒಂದು, ನಾಲ್ಕು.

ಯಾರು ಬೇಕಾದರೂ ಹಾಗೆ ಕಡಿಯಬಹುದು!

...ಯಾರು ಬೇಕಾದರೂ.

ಆ ಮೊಬೈಲನ್ನು ಮುಚ್ಚು. ಮುಚ್ಚು ಎಂದೆ. ಅಪ್ಪನ ಎದುರಿಗೆ ಸಾಕ್ಷಿ ಹಿಡಿದು ನಿಲ್ಲುವಷ್ಟು ದೊಡ್ಡವಳಾದೆಯಾ? ಯಾರ ಅನ್ನ ತಿಂದೆ? ಯಾರು ಓದಿಸಿದರು? ನಿನ್ನಂಥವಳನ್ನು ಅಟ್ಟದಿಂದ ಇಳಿಸಬಾರದಿತ್ತು. ಕೇಳಿಸಿತೇ? ಇಳಿಸಬಾರದಿತ್ತು! ಏಣಿಯನ್ನು ಅವನು ತೆಗೆಯುವುದಲ್ಲ, ನಾನೇ ತೆಗೆಯಬೇಕಿತ್ತು...

ಎಲ್ಲಿಗೆ ಎದ್ದೆ? ನನ್ನ ಮಾತು ಮುಗಿದಿಲ್ಲ. ಮೂರನೆಯ ಅಂಶ ಇನ್ನೂ ಬಾಕಿ ಇದೆ. ವನಜಾಕ್ಷಿ! ...ಒಳಗೆ ಹೋಗು, ಹೋಗು. ಬಟ್ಟೆಯ ಚೀಲ ಬಾಗಿಲ ಹಿಂದೆ ಇದೆ. ಅಡುಗೆಮನೆಯಲ್ಲಿ ಏನು ಹುಡುಕುತ್ತೀಯೆ? ಮೇಲಿನ ಗೂಡಿನಲ್ಲಿ ಏನೂ ಇಲ್ಲ, ಅದು ನಿನ್ನ ಅಮ್ಮನ ಕಾಲದ್ದು, ಎಲ್ಲ ಹಾಗೇ ಇದೆ, ಒಂದನ್ನೂ ಸರಿಸಬೇಡ. ಸರಿಸಬೇಡ ಎಂದೆನಲ್ಲ...

ನೀನು ಒಳಗೇ ಇರು. ನಾನು ಇಲ್ಲಿಂದಲೇ ಹೇಳುತ್ತೇನೆ; ಗೋಡೆಗೂ ಕೇಳಲಿ. ಈ ಊರಿನಲ್ಲಿ ಎದುರಿಗೆ ಬಂದವರೆಲ್ಲ ನನ್ನ ಕೈಯಲ್ಲಿ ಓದಿದವರು. ಬಸ್ಸಿನ ಕಂಡಕ್ಟರು, ಹಾಲಿನ ಡೇರಿಯವನು, ಮಠದ ಗುಮಾಸ್ತ. ನೀನು ಬಂದ ಮೇಲೆ ಎಲ್ಲರೂ ನಮಸ್ಕಾರ ಮಾಡಿ ಅರ್ಧ ಕ್ಷಣ ಹೆಚ್ಚು ನಿಲ್ಲುತ್ತಾರೆ. ಆ ಅರ್ಧ ಕ್ಷಣ ನಿನಗೆ ಗೊತ್ತಿಲ್ಲ. 'ಮಗಳು ಇನ್ನೂ ಇಲ್ಲೇ ಅವಳಾ ಸಾರ್?' ಒಂದೊಂದು ಕಾಳನ್ನೂ ಅಳೆದು ಬದುಕಿದವನು ನಾನು. ನೀನು ಹೋಗಬೇಕಿತ್ತು. ಬೆಳೆ ಬರುವುದಿಲ್ಲವೆಂದೇ ಷರತ್ತು ಹಾಕಿದೆ. ನೀನು ಒಂದು ಹೂವಿನ ಗಿಡವನ್ನೂ ಬದುಕಿಸಿದವಳಲ್ಲ. ಆದರೆ ಅದು... ಅದು ಬಂತು. ಹೋದ ಶನಿವಾರ ಮಲ್ಲಿಕಾರ್ಜುನಯ್ಯನವರು ತೋಟದಲ್ಲಿ ಒಂದು ಗಡ್ಡೆ ಕಿತ್ತು, ಪಂಚೆಯಲ್ಲಿ ಒರೆಸಿ, ಸೀಬೆಹಣ್ಣು ಕಚ್ಚುವ ಹಾಗೆ ಕಚ್ಚಿದರು. 'ಸಕ್ಕರೆ ಕಣ್ರೀ ಮೇಷ್ಟ್ರೇ! ಇನ್ನೇನು ನೋಡಾದು, ಮಗೀಗೆ ಬರ್ಕೊಡಿ' ಎಂದರು. ನಕ್ಕರು. ಮೊಮ್ಮಗಳು ವರ್ಷಿಣಿಗೆಂದು ಇನ್ನೆರಡು ಕಿತ್ತುಕೊಂಡು ಹೋದರು.

ಬಂದೆಯಾ. ಕೈಯಲ್ಲಿ ಅದೇನು?

ಬಟ್ಟಲು.

ಯಾವ ಬಟ್ಟಲು ಅದು... ಅದು ಗೌರಮ್ಮನದು. ಅಂಚು ಸೊಟ್ಟಗಾಗಿದೆ, ಹೌದು, ಅದೇ. ಎಣ್ಣೆ. ಅರಿಶಿನ ಕಲಸಿದ್ದೀಯೆ.

ಯಾರಿಗೆ? ನನಗೇನೂ ಆಗಿಲ್ಲ. ಸೆಕೆ, ಬೆವರು ಎಂದೆನಲ್ಲ. ಹತ್ತಿರ ಬರಬೇಡ. ಕೈ ಬಿಡು. ಗುಂಡಿ ಬಿಚ್ಚಬೇಡ, ಅದು... ನಿಧಾನ! ಅಂಗಿಯ ಬಟ್ಟೆ ಅಂಟಿಕೊಂಡಿದೆ, ಎಳೆಯಬೇಡ. ಆಹ್... ನಿಧಾನ ಕಣೇ.

ನೋಡು. ನೋಡಿದೆಯಲ್ಲ? ಮೊಣಕೈವರೆಗೆ. ನಿನಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಈ ಗುಳ್ಳೆ ಹೇಗಿರುತ್ತದೆ, ಎಷ್ಟನೇ ದಿನಕ್ಕೆ ಒಡೆಯುತ್ತದೆ, ಎಲ್ಲವೂ ನಿನಗೆ ಒಂಬತ್ತನೇ ವರ್ಷದಿಂದ ಗೊತ್ತು. ಸೋಮವಾರ ಬೆಳಿಗ್ಗೆಯೇ ಗೊತ್ತಾಗಿರಬೇಕು, ನಾನು ತುಂಬುತೋಳಿನ ಅಂಗಿ ಹಾಕಿಕೊಂಡು ಕಾಫಿಗೆ ಬಂದಾಗ. ಐದು ದಿನ ತಟ್ಟೆ ಇಟ್ಟೆ, ತೆಗೆದೆ. ಮಾತನಾಡಲಿಲ್ಲ. ಹುಚ್ಚರಂಗಯ್ಯ ಅತ್ತಾಗಲೂ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದೆ. ನಾನೇ ಹೇಳುತ್ತೇನೆಂದು ಕಾದೆಯಾ?

ಕಾಯಬಾರದಿತ್ತು. ಕತ್ತಾಳೆ ತಾನಾಗಿ ಬಾಗುವ ಗಿಡವಲ್ಲ.

ನಾಲ್ಕೂವರೆಗೆ ಎದ್ದೆ, ಎಂದಿನಂತೆ. ಗುದ್ದಲಿಯಿಂದ ಒಂದು ಹೆಂಟೆ ತೆಗೆದರೆ ಸಾಕು, ನೀರು ತಾನೇ ಹೋಗುತ್ತದೆ ಎಂದುಕೊಂಡಿದ್ದೆ. ಪಟ್ಟೆಗಳು ತೂತಿನ ಬಾಯಿಗೆ ಅಡ್ಡ ಬಂದವು. ಕೈ ಹಾಕಿ ಎಳೆಯಬೇಕಾಯಿತು. ಎರಡೂ ಕೈ. ನೀರು ಇಳಿದು ಮುಗಿಯುವವರೆಗೆ ಬದುವಿನ ಮೇಲೆ ಕುಳಿತಿದ್ದೆ. ಮುಗಿದ ಮೇಲೆ ಎದ್ದು ಬಂದುಬಿಡಬೇಕಿತ್ತು. ತೂತು ಹಾಗೇ ಇದ್ದಿದ್ದರೆ ಹೆಗ್ಗಣ ಎಂದು ದೇವರೂ ನಂಬುತ್ತಿದ್ದ. ಆದರೆ ಕಟ್ಟೆ ಬಾಯಿ ತೆರೆದುಕೊಂಡು... ನೋಡಲಾಗಲಿಲ್ಲ. ಬಿಟ್ಟು ಬರಲು ಆಗಲಿಲ್ಲ. ಮುಚ್ಚಿದೆ. ತಟ್ಟಿದೆ. ಗುದ್ದಲಿ ತೊಳೆದು ಅದರ ಮೊಳೆಗೆ ನೇತುಹಾಕಿದೆ.

ಮೂರನೆಯ ಅಂಶ ರುಚಿ.

ಕತ್ತಾಳೆಯ ಬಗ್ಗೆ ಬರೆಯಲು ಏನೂ ಇಲ್ಲ. ಅದನ್ನು ಯಾರೂ ಬಾಯಿಗೆ ಇಟ್ಟುಕೊಂಡಿಲ್ಲ. ನಿನ್ನ ಈರುಳ್ಳಿ... ಭಾನುವಾರ ನೀನು ಸ್ನಾನಕ್ಕೆ ಹೋಗಿದ್ದಾಗ ಒಂದು ಕಿತ್ತೆ. ಕೊನೆಯ ಸಾಲಿನದು. ಸಿಪ್ಪೆ ಸುಲಿದು ಬದುವಿನ ಮೇಲೆ ಕುಳಿತು ತಿಂದೆ, ಪೂರ್ತಿ. ತಿಂದು ಮುಗಿಸಿ ಮನೆಗೆ ಬಂದು ಶಿವಮೂರ್ತಿಗೆ ಫೋನು ಮಾಡಿದೆ.

ಸಿಹಿಯಾಗಿತ್ತು.

ಸಾಕು. ಉರಿಯುತ್ತಿದೆ... ಇಲ್ಲ, ಹಚ್ಚು. ಆ ಕೈಗೂ. ಬೆರಳಿನ ಸಂದಿಗೂ. ನೀನು ಏಕೆ ಒಂದೂ ಮಾತನಾಡುವುದಿಲ್ಲ? ಬೈಯಿ. ಕೂಗು. ಅಟ್ಟದ ಮೇಲೆ ಕೂಗಿದೆಯಲ್ಲ, ಹಾಗೆ. ಇಷ್ಟು ಮೆತ್ತಗೆ ಹಚ್ಚಬೇಡ, ಕೆರೆದುಹಾಕಿಬಿಡು...

ಸದ್ದು ಕೇಳಿತೇ? ಸ್ಕೂಟರು. ಗೇಟಿನ ಹತ್ತಿರ ನಿಂತಿತು. ಇನ್ನೂ ಹತ್ತಾಗಿಲ್ಲ, ಒಂಬತ್ತು ಐವತ್ತು... ಬೇಗ ಬಂದುಬಿಟ್ಟರು. ತೋಳು ಇಳಿಸು, ವನಜಾ. ಗುಂಡಿ ಹಾಕು. ಬಟ್ಟಲನ್ನು ಕುರ್ಚಿಯ ಕೆಳಗೆ ಸರಿಸು. ಕೇಳು, ಅವರ ಮುಂದೆ ಹೆಗ್ಗಣ ಎಂದೇ ಇರಲಿ, ಐದು ಗುಂಟೆಯ ವಿಷಯ ಆಮೇಲೆ ನಾವೇ, ಒಳಗೊಳಗೇ... ಕೈ ಬುಡು. ಬುಡೇ! ಅಪ್ಪನ ಮಾನ ಕಣೇ, ವನಜಾ... ನಿನ್ನ ಕಾಲಿಗೆ... ಏಕೆ ಹೀಗೆ ಬಿಗಿಯಾಗಿ ಹಿಡಿದಿದ್ದೀಯೆ? ಇಷ್ಟು ಬಿಗಿ ನಿನ್ನ ಕೈಗೆ ಎಲ್ಲಿಂದ ಬಂತು?

ಬನ್ನಿ... ಬನ್ನಿ, ಮಲ್ಲಿಕಾರ್ಜುನಯ್ಯನವರೇ. ಬೆಂಚಿನ ಮೇಲೆ ಕುಳಿತುಕೊಳ್ಳಿ. ಇಲ್ಲ, ಏಳಲು ಆಗುತ್ತಿಲ್ಲ, ಮಗಳು ಎಣ್ಣೆ ಹಚ್ಚುತ್ತಿದ್ದಾಳೆ.

...ಇದೇ? ತೋಳಿಗೆ?

ಏನಿಲ್ಲ...

ವನಜಾ, ಹೇಳು ಅವರಿಗೆ.

...ನಾನೇ ಹೇಳಬೇಕೇ? ಕತ್ತಾಳೆ ನೀರು. ಹೌದು. ಸೋಮವಾರದ್ದು.